ಮೊದಲ ನೀರು

ಆರೋಗ್ಯಮ್ಮ ಎಂದು ಹೆಸರಿಟ್ಟುಕೊಂಡು ಮೂರು ಬೀದಿಯ ಮೆಡಿಕಲ್ ಶಾಪಿನವರಿಗೂ ಚಿರಪರಿಚಿತಳಾಗಿದ್ದ ಹೆಂಗಸು ಇಡೀ ಗೋವಿಂದರಾಜನಗರದಲ್ಲಿ ಇವಳೊಬ್ಬಳೇ ಇರಬೇಕು. ಅವಳ ತಾಯಿ ಜ್ಞಾನಮ್ಮ ವೇಳಾಂಗಣಿಯ ಆರೋಗ್ಯ ಮಾತೆಗೆ ಹರಕೆ ಹೊತ್ತು ಹೆತ್ತ ಮಗಳೆಂದು ಆ ಹೆಸರು. ಹೆಸರಿಗೆ ಮೋಸವಾಗದಂತೆ ನಲವತ್ತೆರಡು ವರ್ಷ ಗಟ್ಟಿಯಾಗಿಯೇ ಇದ್ದಳು. ಗಂಡ ತೀರಿಕೊಂಡಾಗಲೂ ನೆಲ ಕಚ್ಚಲಿಲ್ಲ. ಆಮೇಲೆ ಬಲಗಡೆಯ ಹೆಗಲು ಹಿಡಿದುಕೊಂಡಿತು. ಐದಾರು ಕೆಜಿ ತೂಗುವ ಇದ್ದಿಲ ಇಸ್ತ್ರಿಪೆಟ್ಟಿಗೆಯನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ಎಳೆದಾಡುವ ಹೆಗಲು, ಅದೂ ರಕ್ತಮಾಂಸದ್ದೇ ತಾನೆ.

ಮೊದಲು ರಾತ್ರಿ ಊಟವಾದ ಮೇಲೆ ಒಂದು ನೋವಿನ ಮಾತ್ರೆ. ಆಮೇಲೆ ಬೆಳಿಗ್ಗೆ ಇಸ್ತ್ರಿ ಗಾಡಿಯ ಟಾರ್ಪಾಲು ತೆಗೆಯುವ ಮುಂಚೆ ಇನ್ನೊಂದು. ಆಮೇಲೆ ಅದಕ್ಕೆ ಹೊತ್ತುಗೊತ್ತು ಇಲ್ಲವಾಯಿತು. ನಿಜ ಹೇಳಬೇಕೆಂದರೆ ಅದು ಸುಖವಾಗಿಯೇ ಇತ್ತು. ಇಂಥ ಕತೆ ಹೇಳುವವರು ಈ ಮಾತನ್ನು ಮುಚ್ಚಿಡುತ್ತಾರೆ, ನಾನು ಮುಚ್ಚಿಡುವುದಿಲ್ಲ. ಮಾತ್ರೆ ಹೊಟ್ಟೆಗಿಳಿದ ಅರ್ಧ ಗಂಟೆಗೆ ಯಾರೋ ಇಡೀ ಬೀದಿಯ ಮೇಲೆ ತೆಳುವಾದ ಒದ್ದೆ ಬಟ್ಟೆ ಹಾಸಿದ ಹಾಗಾಗುತ್ತಿತ್ತು. ಆಟೋಗಳ ಹಾರ್ನು ದೂರ ಹೋಗುತ್ತಿತ್ತು. ಪ್ಯಾಂಟಿನ ಕ್ರೀಸು ಸರಿಯಿಲ್ಲ ಎಂದು ಜಗಳಕ್ಕೆ ಬಂದವರ ಬಾಯಿ ಮಾತ್ರ ಆಡುತ್ತಿತ್ತು, ಮಾತು ಅವಳವರೆಗೆ ಬರುತ್ತಿರಲಿಲ್ಲ. ಸತ್ತ ತಾಯಿಯ ನೆನಪು ಕೂಡ ಬಂದು ಪಕ್ಕದಲ್ಲಿ ಕೂತು, ನೋಯಿಸದೆ ಎದ್ದು ಹೋಗುತ್ತಿತ್ತು.

ಆದರೆ ಆ ಬಟ್ಟೆಯ ಅಡಿಗೆ ನೋವಿನ ಜೊತೆ ದೇವರೂ ಹೋದರು. ಯಾವತ್ತು ಹೋದರು ಎಂದು ಅವಳಿಗೆ ಗೊತ್ತಿಲ್ಲ. ಭಾನುವಾರ ಚರ್ಚಿನ ಪೂಜೆಗೆ ಹೋಗುತ್ತಿದ್ದಳು, ಜಪಸರದ ಮಣಿ ಎಣಿಸುತ್ತಿದ್ದಳು, ಪರಮಪ್ರಸಾದಕ್ಕೆ ನಾಲಿಗೆ ಚಾಚುತ್ತಿದ್ದಳು. ಯಾರದೋ ಮನೆಯ ಬಾಗಿಲು ಬಡಿದು, ಒಳಗೆ ಯಾರೂ ಇಲ್ಲವೆಂದು ಗೊತ್ತಿದ್ದೂ ಬಡಿಯುತ್ತಲೇ ಇದ್ದ ಹಾಗಿತ್ತು.

ಇದರ ನಡುವೆ ಒಂದು ಗಂಟಿನ ವಿಷಯವಿದೆ. ಜ್ಞಾನಮ್ಮನ ಮನೆಗೆ ಮೂವತ್ತು ವರ್ಷದಿಂದ ಮಾಗಡಿ ರಸ್ತೆಯಾಚೆಯ ಚರ್ಚಿನಿಂದ ಒಂದು ಬಟ್ಟೆಗಂಟು ಬರುತ್ತಿತ್ತು. ಪೂಜೆಯ ಹೊತ್ತು ಪೀಠದ ಮೇಲೆ ಪಾತ್ರೆಗಳ ಅಡಿಗೆ ಹಾಸುವ ಚೌಕದ ಬಿಳಿ ಬಟ್ಟೆಗಳು, ಬಟ್ಟಲು ಒರೆಸುವ ಸಣ್ಣ ಬಟ್ಟೆಗಳು. ಗುರುಗಳು ಪ್ರಸಾದದ ರೊಟ್ಟಿ ಮುರಿಯುವಾಗ ಕಣ್ಣಿಗೆ ಕಾಣದ ಚೂರು ಆ ಬಟ್ಟೆಗೆ ಅಂಟಿರಬಹುದು. ಪೂಜೆಯಲ್ಲಿ ಎತ್ತಿ ಹಿಡಿದ ಮೇಲೆ ಅದು ರೊಟ್ಟಿಯಲ್ಲ, ಸಾಕ್ಷಾತ್ ಯೇಸುಸ್ವಾಮಿ. ಆದ್ದರಿಂದ ಸೋಪು ತಾಗಿಸುವ ಮುಂಚೆ ಬಟ್ಟೆಗಳನ್ನು ಬರೀ ನೀರಿನಲ್ಲಿ ಜಾಲಿಸಬೇಕು. ಆ ಮೊದಲ ನೀರನ್ನು ಮೋರಿಗೆ ಚೆಲ್ಲಕೂಡದು, ಯಾರೂ ತುಳಿಯದ ಮಣ್ಣಿಗೆ ಹಾಕಬೇಕು.

"ಕುಂಡಕ್ಕೂ ಹಾಕ್ಬಾರ್ದು ಕಣೇ," ಎನ್ನುತ್ತಿದ್ದಳು ಜ್ಞಾನಮ್ಮ. "ಕುಂಡದ ಮಣ್ಣು ಇವತ್ತು ಬಾಲ್ಕನೀಲಿ, ನಾಳೆ ಕಸದ ಗಾಡೀಲಿ. ನೆಲದ ಮಣ್ಣೇ ಆಗ್ಬೇಕು."

ಇಸ್ತ್ರಿ ಗಾಡಿಗೆ ನೆರಳಾಗಿದ್ದ ಹೊಂಗೆಮರದ ಬುಡದಲ್ಲಿ ಆಗ ಬೇಕಾದಷ್ಟು ಮಣ್ಣಿತ್ತು. ಜ್ಞಾನಮ್ಮ ಹಿತ್ತಾಳೆ ತಂಬಿಗೆಯಲ್ಲಿ ಮೊದಲ ನೀರು ತಂದು, ತಲೆಗೆ ಸೆರಗು ಹೊದ್ದು, ಬೇರಿನ ಸಂದಿಗೆ ಹಾಕಿ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದಳು. ಮೂರು ವರ್ಷದ ಹಿಂದೆ ಅವಳು ತೀರಿಕೊಂಡಳು, ಗಂಟು ಮಗಳ ಪಾಲಿಗೆ ಬಂತು. ಮರುವರ್ಷ ಫುಟ್‌ಪಾತಿನ ಕೆಲಸದವರು ಬಂದು ಕಲ್ಲು ಹಾಸಿ, ಹೊಂಗೆಮರದ ಕುತ್ತಿಗೆಯವರೆಗೂ ಸಿಮೆಂಟು ಮೆತ್ತಿ ಹೋದರು. ಈ ಊರಿಗೆ ಮಣ್ಣು ಕಂಡರೆ ಅದೇನು ಸಿಟ್ಟೋ.

ಆ ವಾರ ಆರೋಗ್ಯಮ್ಮ ತಂಬಿಗೆ ಹಿಡಿದು ಮರದ ಹತ್ತಿರ ಒಂದು ನಿಮಿಷ ನಿಂತಳು. ವಾಪಸ್ ಮನೆಗೆ ಹೋಗಿ ಇವತ್ತೊಂದು ದಿನ ಎಂದುಕೊಂಡು ಬಚ್ಚಲ ಮೋರಿಗೆ ಚೆಲ್ಲಿದಳು. ಎದೆ ಝಲ್ಲೆನ್ನಬೇಕಿತ್ತು. ಅನ್ನಲಿಲ್ಲ. ಮುಂದಿನ ವಾರವೂ ಚೆಲ್ಲಿದಳು. ಹಾಗೆ ಎರಡು ವರ್ಷ. ಗಂಟು ಮರಳಿಸುವಾಗ ಫಾದರ್ ಫೌಸ್ತಿನ್ ತಪ್ಪದೆ ಕೇಳುತ್ತಿದ್ದರು, "ಮೊದಲ ನೀರು ಮಣ್ಣಿಗೆ ಹಾಕಿದ್ರಾ ಅಮ್ಮ?" ಅವಳು "ಹಾಕ್ದೆ ಫಾದರ್" ಎನ್ನುತ್ತಿದ್ದಳು. ನಾಲಿಗೆ ಒಮ್ಮೆಯೂ ತಡವರಿಸಲಿಲ್ಲ.

ಸಿಕ್ಕಿಬಿದ್ದದ್ದು ಕಳೆದ ಕ್ರಿಸ್ಮಸ್ ವಾರದಲ್ಲಿ. ಪೀಠದ ದೊಡ್ಡ ಹಾಸುಬಟ್ಟೆಯ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟು ನಿಂತಲ್ಲೇ ನಿದ್ದೆ ಹೋದಳು. ಕಮರು ವಾಸನೆಗೆ ಎಚ್ಚರವಾದಾಗ ಬಟ್ಟೆಯ ನಡುಮಧ್ಯೆ ಇಸ್ತ್ರಿಪೆಟ್ಟಿಗೆಯದೇ ಆಕಾರದ ತೂತು. ವಿಜಯನಗರದ ಲ್ಯಾಬಿನಲ್ಲಿ ಕೆಲಸ ಮಾಡುವ ಮಗಳು ಜಸಿಂತಾಗೆ ಮಾತ್ರೆಗಳ ಹೆಸರು ನೋಡಿದ್ದೇ ಎಲ್ಲಾ ಅರ್ಥವಾಯಿತು. ಬೈಯಲಿಲ್ಲ, ಅತ್ತಳು, ಮರುದಿನವೇ ರಜೆ ಹಾಕಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಒಂದೇ ಸಲ ನಿಲ್ಲಿಸದೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದರು. ಬೆವರು, ನಡುಕ, ವಾಂತಿ, ನಿದ್ದೆಯಿಲ್ಲದ ರಾತ್ರಿ, ಅದೆಲ್ಲ ಮುಗಿದು ಈಗ ಎರಡು ತಿಂಗಳು.

ಹೆಗಲ ನೋವು ಹೇಳಿದ ಹೊತ್ತಿಗೆ ವಾಪಸ್ ಬಂತು. ದೇವರು ಬರಲಿಲ್ಲ.

ಅವಳಿಗೆ ಅನ್ಯಾಯವೆನ್ನಿಸಿದ್ದು ಇದೇ. ಮಾತ್ರೆಯ ಆ ಒದ್ದೆ ಬಟ್ಟೆ ಸರಿಸಿದರೆ ಅಡಿಯಲ್ಲಿದ್ದುದೆಲ್ಲ ಇದ್ದ ಹಾಗೇ ಸಿಗಬೇಕಲ್ಲವೇ? ನೋವು ಸಿಕ್ಕಿತು, ನಾಚಿಕೆ ಸಿಕ್ಕಿತು, ತಾಯಿ ಇಲ್ಲವೆಂಬ ಖಾಲಿತನ ಮೂರು ವರ್ಷ ತಡವಾಗಿ ಸಿಕ್ಕಿತು. ದೇವರೊಬ್ಬರೇ ಸಿಗಲಿಲ್ಲ. ಮಗಳು ಮನೆಯನ್ನೆಲ್ಲ ಜಾಲಾಡಿ ಮಾತ್ರೆಗಳನ್ನು ಎಸೆದಿದ್ದಳು, ಆದರೆ ಒಂದು ಶೀಟು ಅವಳ ಕೈಗೆ ಸಿಕ್ಕಿರಲಿಲ್ಲ. ಗಾಡಿಯ ಹಲಗೆಗೆ ಮೊಳೆ ಹೊಡೆದು ನೇತುಹಾಕಿದ ಆರೋಗ್ಯ ಮಾತೆಯ ಚಿತ್ರದ ಹಿಂದೆ, ಯಾರೂ ಕೈ ಹಾಕದ ಜಾಗದಲ್ಲಿ, ಅದು ಇತ್ತು. ಅಲ್ಲಿಟ್ಟವಳು ಅವಳೇ. ಮುಟ್ಟಿರಲಿಲ್ಲ, ಎಸೆದೂ ಇರಲಿಲ್ಲ.

ಶುಭ ಶುಕ್ರವಾರದ ಸಂಜೆ, ಆರಾಧನೆ ಮುಗಿದ ಮೇಲೆ, ಫಾದರ್ ಫೌಸ್ತಿನ್ ಅವಳನ್ನು ಕರೆದು ಮೂರು ತಿಂಗಳ ನಂತರ ಮತ್ತೆ ಗಂಟು ಕೈಗಿಟ್ಟರು. ಮಾತ್ರೆಯ ವಿಷಯ ಅವರಿಗೆ ಗೊತ್ತಿತ್ತು. ಮೋರಿಯ ವಿಷಯ ಗೊತ್ತಿರಲಿಲ್ಲ.

"ಬೇರೆ ಯಾರಿಗಾದ್ರೂ ಕೊಡಿ ಫಾದರ್," ಎಂದಳು.

"ಈ ಕೆಲಸ ಇನ್ಯಾರಿಗೆ ಬರುತ್ತೆ ಅಮ್ಮ? ನಾಳೆ ಸಂಜೆ ಐದಕ್ಕೆ ತಂದ್ಕೊಡಿ. ಈಸ್ಟರ್ ಜಾಗರಣೆಗೆ ಬೇಕು."

ಗಂಟು ಎದೆಗವುಚಿಕೊಂಡು ಮನೆಗೆ ಬರುವಾಗ ಅವಳು ಒಂದು ತೀರ್ಮಾನಕ್ಕೆ ಬಂದಳು. ಒಂದೇ ಒಂದು ಸಲ, ಅವ್ವ ಮಾಡುತ್ತಿದ್ದ ಹಾಗೆಯೇ, ಮೊದಲ ನೀರನ್ನು ಮಣ್ಣಿಗೆ ಹಾಕುವುದು. ಆಗಲೂ ಎದೆಯಲ್ಲಿ ಏನೂ ಅಲುಗದಿದ್ದರೆ ಗಂಟು ಮರಳಿಸಿ, ನನ್ನಿಂದಾಗದು ಎಂದು ಹೇಳಿ, ಬಂದು ಚಿತ್ರದ ಹಿಂದಿನ ಶೀಟು ತೆಗೆಯುವುದು. ಒಳಗೆ ಯಾರೂ ಇಲ್ಲದ ಮನೆಯ ಬಾಗಿಲಲ್ಲಿ ನೋವು ಹೊತ್ತುಕೊಂಡು ಎಷ್ಟು ದಿನ ನಿಲ್ಲುವುದು?

ಶನಿವಾರ ಬೆಳಗಾಯಿತು. ಗುರುವಾರ ರಾತ್ರಿ ಬಾಯಿ ಮುಚ್ಚಿದ ಚರ್ಚಿನ ಗಂಟೆ ಇನ್ನೂ ಮುಚ್ಚಿಯೇ ಇತ್ತು. ಯೇಸುಸ್ವಾಮಿ ಸಮಾಧಿಯಲ್ಲಿರುವ ದಿನ. ಪ್ರಸಾದದ ಪೆಟ್ಟಿಗೆ ಕೂಡ ಬಾಗಿಲು ತೆರೆದುಕೊಂಡು ಖಾಲಿಯಾಗಿರುತ್ತದೆ. ಚಿಕ್ಕವಳಿದ್ದಾಗ ಅವಳು ಇಂಥದೇ ಶನಿವಾರ ತಾಯಿಯನ್ನು ಕೇಳಿದ್ದಳು, "ಇವತ್ತು ಸ್ವಾಮಿ ಎಲ್ಲಿದಾರವ್ವ?" ಜ್ಞಾನಮ್ಮ ಬಟ್ಟೆ ಹಿಂಡುತ್ತಲೇ ಹೇಳಿದ್ದಳು, "ಪಾತಾಳಕ್ಕೆ ಹೋಗಿದಾರೆ ಕಣೇ. ಅಲ್ಲಿರೋರ್ನ ಕರ್ಕೊಂಡ್ ಬರಕ್ಕೆ." ಪಕ್ಕದ ಬೀದಿಯವರು ತಿಪಟೂರಿಗೆ ಹೋಗಿದ್ದಾರೆ ಎಂದಷ್ಟೇ ಸಹಜವಾಗಿ ಹೇಳಿದ್ದಳು.

ಮಗಳು ಕೆಲಸಕ್ಕೆ ಹೋದ ಮೇಲೆ ಆರೋಗ್ಯಮ್ಮ ಹಿತ್ತಾಳೆ ತಂಬಿಗೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿದಳು. ಗಾಡಿಯ ಹತ್ತಿರ ಹೋಗಿ ಚಿತ್ರದ ಹಿಂದಿನ ಶೀಟನ್ನು ತೆಗೆದು ಸೆರಗಿನ ತುದಿಗೆ ಕಟ್ಟಿಕೊಂಡಳು. ಸಂಜೆಯವರೆಗೆ ಕಾಯುತ್ತೇನೆಂದು ಅವಳಿಗೆ ಅವಳ ಮೇಲೆಯೇ ನಂಬಿಕೆಯಿರಲಿಲ್ಲ. ಬಟ್ಟೆಗಳನ್ನು ಒಂದೊಂದಾಗಿ ಬಿಡಿಸಿ, ಬೋಗುಣಿಯ ನೀರಿನಲ್ಲಿ ಜಾಲಿಸಿ, ಆ ನೀರನ್ನು ತಂಬಿಗೆಗೆ ಬಸಿದು, ಬಾಯಿಗೆ ಶುಭ್ರವಾದ ವಸ್ತ್ರ ಮುಚ್ಚಿ ಹೊರಟಳು. ಐದು ನಿಮಿಷದ ಕೆಲಸವೆಂದು ಪರ್ಸು ಕೂಡ ತೆಗೆದುಕೊಳ್ಳಲಿಲ್ಲ.

ಐದು ನಿಮಿಷದಲ್ಲಿ ಮಣ್ಣು ಸಿಗುವ ಊರು ಇದಲ್ಲ ಎನ್ನುವುದು ಎರಡು ಬೀದಿ ದಾಟುವುದರೊಳಗೆ ತಿಳಿಯಿತು. ಮನೆಗಳು ಮೋರಿಯ ಚಪ್ಪಡಿಯವರೆಗೂ ಬಂದು ನಿಂತಿದ್ದವು. ಚಪ್ಪಡಿಯಿಂದಾಚೆ ಕಾಂಕ್ರೀಟಿನ ರಸ್ತೆ. ಮರಗಳು ಇದ್ದವು, ಎಲ್ಲದಕ್ಕೂ ಬುಡದಲ್ಲಿ ಕಲ್ಲಿನ ಕಟ್ಟೆ. ಖಾಲಿ ಸೈಟೊಂದು ಸಿಕ್ಕಿತು. ಅದರ ತುಂಬ ಬಿಯರ್ ಬಾಟಲಿ, ಡಯಾಪರು, ಒಡೆದ ಕಮೋಡು. ಅಲ್ಲಿ ಹಾಕಲು ಮನಸ್ಸು ಬರಲಿಲ್ಲ. ನಡೆಯುತ್ತ ನಡೆಯುತ್ತ ಅವಳಿಗೆ ಬೀದಿಗಳ ಹೆಸರು ಮರೆತುಹೋಯಿತು. ಏಪ್ರಿಲ್ ಬಿಸಿಲಿಗೆ ಮುಂದಿನ ರಸ್ತೆ ನೀರು ನಿಂತ ಹಾಗೆ ಹೊಳೆಯುತ್ತಿತ್ತು, ಹತ್ತಿರ ಹೋದರೆ ಸರಿದುಕೊಳ್ಳುತ್ತಿತ್ತು. ಎಲ್ಲೋ ಕುಕ್ಕರ್ ಕೂಗಿತು. ಎಲ್ಲೋ ಮಗುವೊಂದು ಮಗ್ಗಿ ಹೇಳುತ್ತಿತ್ತು. ಎಲ್ಲ ಬಾಲ್ಕನಿಗಳಲ್ಲೂ ಬಟ್ಟೆಗಳು ಗಾಳಿಯಿಲ್ಲದೆ ಸುಮ್ಮನೆ ಇಳಿಬಿದ್ದಿದ್ದವು, ಇಡೀ ಊರೇ ಯಾರಿಗೋ ಕಾಯುತ್ತ ಮಾತು ನಿಲ್ಲಿಸಿದ ಹಾಗೆ. ತಾಯಿ ಎರಡು ಹೆಜ್ಜೆ ಮುಂದೆ ತಲೆಗೆ ಸೆರಗು ಹೊದ್ದು ನಡೆಯುತ್ತಿದ್ದಾಳೆ ಎಂದು ಒಮ್ಮೆ ಅನ್ನಿಸಿತು. ನೋಡಿದರೆ ಅದು ಕರೆಂಟು ಕಂಬದ ನೆರಳು.

ಪಾರ್ಕು ನೆನಪಾಯಿತು. ಹೋದರೆ ಗೇಟಿಗೆ ಬೀಗ. ಒಳಗೆ ಹಸಿರು ಹುಲ್ಲು, ಕೆಂಪು ಮಣ್ಣು, ಬೆಂಚಿನ ಮೇಲೆ ಮಲಗಿದ್ದ ವಾಚ್‌ಮನ್. ಖಾಕಿ ಅಂಗಿಯ ಮೇಲೆ ಕೊಟ್ರಪ್ಪ ಎಂದು ಹೆಸರಿನ ಪಟ್ಟಿ.

"ಹತ್ತಕ್ಕ ಬಂದ್ ಆಗೇತ್ರಿ ಅಮ್ಮಾರ," ಎಂದ ಅವನು ಏಳದೆಯೇ. "ನಾಕಕ್ಕ ಬರ್ರಿ."

"ಒಂದ್ನಿಮಿಷ ಅಣ್ಣ. ಈ ನೀರು ಮಣ್ಣಿಗೆ ಹಾಕಿ ಹೋಗ್ಬಿಡ್ತೀನಿ."

ಅವನು ಎದ್ದು ಕೂತ. ಹೊಳೆಯುವ ತಂಬಿಗೆ ನೋಡಿ ದನಿ ತಗ್ಗಿಸಿದ. "ಏನ್ರಿ ಅದು, ತೀರ್ಥಾನ?"

ಅವಳ ಬಾಯಿಗೆ ಬಂದದ್ದು ಇಷ್ಟೇ: "ಬಟ್ಟೆ ತೊಳೆದ ನೀರು."

"ಬಟ್ಟಿ ತೊಳದ ನೀರ್ ಚೆಲ್ಲಾಕ ಪಾರ್ಕಿಗೆ ಬಂದೀರೇನ್ರಿ?" ಕೊಟ್ರಪ್ಪ ಮತ್ತೆ ಮಲಗಿದ. ಅವನದೇನೂ ತಪ್ಪಿಲ್ಲ, ಯಾರಾದರೂ ಹಾಗೆಯೇ ಕೇಳುತ್ತಾರೆ.

ಗೇಟಿನ ಪಕ್ಕದ ಕಲ್ಲಿನ ಮೇಲೆ ಅವಳು ಕುಸಿದು ಕೂತಳು. ಹೆಗಲು ಉರಿಯುತ್ತಿತ್ತು. ತಂಬಿಗೆ ಹಿಡಿದ ಕೈ ಬೆರಳಿನವರೆಗೂ ಸೆಳೆಯುತ್ತಿತ್ತು. ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಸೆರಗಿನ ಗಂಟು ತಾನಾಗಿ ಬಿಚ್ಚಿಕೊಂಡಿತೋ ಅವಳೇ ಬಿಚ್ಚಿದಳೋ, ಅಂತೂ ಶೀಟು ಕೈಯಲ್ಲಿತ್ತು. ಹೆಬ್ಬೆರಳು ತನ್ನ ಹಳೆಯ ಕೆಲಸವನ್ನು ಮರೆತಿರಲಿಲ್ಲ. ಟಪ್ ಎಂದು ಒಂದು ಬಿಳಿ ಮಾತ್ರೆ ಅಂಗೈಗೆ ಬಿತ್ತು. ಸಂಜೆಯವರೆಗೆ ಎಂದಿದ್ದಳಲ್ಲ, ಹೋಗಲಿ, ಈಗಲೇ ಆಗಲಿ. ಅರ್ಧ ಗಂಟೆ ಸಾಕು, ಈ ಬಿಸಿಲು, ಈ ಬೀಗ, ಈ ಹೆಗಲು ಎಲ್ಲವೂ ಒದ್ದೆ ಬಟ್ಟೆಯ ಅಡಿಗೆ ಹೋಗುತ್ತವೆ.

ಗಂಟಲು ಒಣಗಿತ್ತು. ನೀರಿಲ್ಲದೆ ಅವಳಿಗೆ ಮಾತ್ರೆ ಇಳಿಯುವುದಿಲ್ಲ. ಒಮ್ಮೆ ಹಾಗೆ ನುಂಗಲು ಹೋಗಿ ಗಂಟಲಲ್ಲಿ ಸಿಕ್ಕಿ ಕಣ್ಣು ಮೇಲೆ ಮಾಡಿದ್ದಳು. ಸುತ್ತ ನೋಡಿದಳು. ನಲ್ಲಿಯಿಲ್ಲ, ಅಂಗಡಿಯಿಲ್ಲ, ಇದ್ದರೂ ಕೈಯಲ್ಲಿ ಕಾಸಿಲ್ಲ. ನೀರು ಇದ್ದದ್ದು ಒಂದೇ ಕಡೆ, ಅವಳ ತೊಡೆಯ ಮೇಲೆ.

ವಸ್ತ್ರ ಸರಿಸಿದಳು. ತಂಬಿಗೆಯ ದುಂಡಗಿನ ಬಾಯಲ್ಲಿ ಆಕಾಶದ ಒಂದು ತುಂಡು ಅಲುಗುತ್ತಿತ್ತು. ಶುಭ್ರವಾದ ನೀರು. ಒಂದು ಗುಟುಕು ಕಡಿಮೆಯಾದರೆ ಯಾರಿಗೆ ಗೊತ್ತಾಗುತ್ತದೆ? ಎರಡು ವರ್ಷ ಇದನ್ನೇ ಬಚ್ಚಲ ಮೋರಿಗೆ ಚೆಲ್ಲಿದವಳು ಅವಳು. ತಂಬಿಗೆಯನ್ನು ಎತ್ತಿದಳು. ಹಿತ್ತಾಳೆಯ ಅಂಚು ತುಟಿಗೆ ತಾಗಿತು, ತಣ್ಣಗೆ.

ಆಗಲಿಲ್ಲ.

ಮತ್ತೆ ಎತ್ತಿದಳು. ನೀರು ಅಂಚಿಗೆ ಬಂದು ತುಳುಕುವ ಹಾಗಾಯಿತು. ತುಳುಕಿದರೆ ಏನು ಗತಿ ಎಂದು ಗಾಬರಿಯಾಗಿ ಎರಡೂ ಕೈಯಲ್ಲಿ ಹಿಡಿದುಕೊಂಡು ತೊಡೆಯ ಮೇಲಿಟ್ಟಳು. ಇಟ್ಟ ಮೇಲೆ ತನ್ನ ಗಾಬರಿಯನ್ನು ತಾನೇ ನೋಡಿ ಬೆರಗಾದಳು. ಬರೀ ನೀರಾದರೆ ಕುಡಿಯಲು ಯಾಕಾಗಲಿಲ್ಲ? ತುಳುಕಿದರೆ ಎಂದು ಹೆದರಿದ್ದು ಯಾರಿಗೆ? ಒಳಗೆ ಯಾರೂ ಇಲ್ಲವೆಂದು ಎರಡು ವರ್ಷ ಅಂದುಕೊಂಡಿದ್ದ ಮನೆಯಲ್ಲಿ ಯಾರೋ ಕುರ್ಚಿ ಸರಿಸಿದ ಸದ್ದು ಕೇಳಿದ ಹಾಗಾಯಿತು. ಅವಳು ಮಾತ್ರೆಯನ್ನು ಶೀಟಿನ ಜೊತೆ ಮತ್ತೆ ಸೆರಗಿಗೆ ಕಟ್ಟಿ, ವಸ್ತ್ರ ಮುಚ್ಚಿ, ಎದ್ದಳು. ಸಂತೋಷವೇನೂ ಆಗಿರಲಿಲ್ಲ. ಹೆದರಿಕೆಯಾಗಿತ್ತು, ಬಹಳ ದಿನದ ಮೇಲೆ ಚೆನ್ನಾಗಿ ಹೆದರಿಕೆಯಾಗಿತ್ತು.

ಮೂಡಲಪಾಳ್ಯದ ಹಳೇ ಊರಿನ ಬೀದಿಗೆ ಅವಳು ಹೇಗೆ ಬಂದಳೆಂದು ಕೇಳಿದರೆ ಇವತ್ತಿಗೂ ಹೇಳಲಾರಳು. ಅಲ್ಲಿ ನಾಲ್ಕು ಅಂತಸ್ತಿನ ಬಾಡಿಗೆ ಮನೆಗಳ ಕಟ್ಟಡವೊಂದರ ಮುಂದೆ, ಗೇಟಿಗೂ ಮೆಟ್ಟಿಲಿಗೂ ನಡುವೆ, ಎರಡು ಚಾಪೆಯಗಲದ ಮಣ್ಣು ಕಂಡಿತು. ಕೆಂಪಗೆ, ಹದವಾಗಿ, ಒಂದು ಕಡ್ಡಿ ಕಸವಿಲ್ಲದ ಮಣ್ಣು. ಮೂಲೆಯಲ್ಲಿ ಒಂದು ಕರಿಬೇವಿನ ಗಿಡ. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಒಬ್ಬ ಅಜ್ಜಿ ಎರಡೂ ಬರಿಗಾಲನ್ನು ಆ ಮಣ್ಣಿನಲ್ಲಿ ಊರಿ, ಕಣ್ಣು ಮುಚ್ಚಿ ಕೂತಿದ್ದಳು.

"ಯಾರವ್ವ ಅದು?" ಎಂದಳು ಅಜ್ಜಿ ಕಣ್ಣು ತೆರೆದು. "ಬಿಸ್ಲಲ್ಲಿ ತಂಬ್ಗೆ ಇಡ್ಕಂಡ್ ಯಾಕ್ ನಿಂತಿದೀಯ?"

"ಅಮ್ಮ, ಸ್ವಲ್ಪ ಮಣ್ಣು ಬೇಕಿತ್ತು."

"ಎಷ್ಟು ಪುಟ್ಟಿ?"

"ತಗೊಂಡ್ ಹೋಗಕ್ಕಲ್ಲಮ್ಮ. ಈ ನೀರು ಹಾಕಕ್ಕೆ."

ಅಜ್ಜಿಯ ಹೆಸರು ಹನುಮಕ್ಕ. ಕುರ್ಚಿಯಿಂದಲೇ ಒಳಗೆ ಬಾ ಎಂದು ಕೈಬೀಸಿ, ಮಣ್ಣು ಕೇಳಿಕೊಂಡು ಬಂದ ಮೊದಲನೆಯವಳು ಎಂಬ ಖುಷಿಗೆ ತನ್ನ ಪುರಾಣ ಬಿಚ್ಚಿದಳು. "ಇಲ್ಲಿಂದ ಆ ನೀರಿನ್ ಟ್ಯಾಂಕ್‌ಗಂಟ ನಮ್ದೇ ಹೊಲ. ರಾಗಿ, ಅವ್ರೆ, ಹುಚ್ಚೆಳ್ಳು. ಎಲ್ಲಾ ಸೈಟಾಯ್ತು. ಇದೊಂದಿಷ್ಟು ಉಳ್ದಿತ್ತು, ಕಾರ್ ನಿಲ್ಸಕ್ಕೆ ಸಿಮೆಂಟ್ ಹಾಕಿಸ್ತೀನಿ ಅಂದ ನನ್ ಮಗ. ಮೊದ್ಲು ನನ್ನ ಮಣ್ ಮಾಡು, ಆಮೇಲ್ ಹಾಕುಸ್ಕೋ ಅಂದೆ. ದಿನಾ ಒಂದ್ ಗಳಿಗೆ ಕಾಲು ಮಣ್ಣಿಗ್ ತಾಕ್ದೇ ಇದ್ರೆ ನಂಗೆ ಅನ್ನ ಸೇರಲ್ಲ ಕಣವ್ವ." ಆಮೇಲೆ ತಂಬಿಗೆಯ ಕಡೆ ಗಲ್ಲ ಎತ್ತಿದಳು. "ಏನೈತೆ ಅದ್ರಲ್ಲಿ?"

ಬಟ್ಟೆ ತೊಳೆದ ನೀರು ಎನ್ನಲು ಆರೋಗ್ಯಮ್ಮ ಬಾಯಿ ತೆರೆದಳು. ಆ ಮಾತು ಹೊರಡಲಿಲ್ಲ.

"ನಮ್ಮ ಸ್ವಾಮಿ ಅಮ್ಮ," ಎಂದಳು. "ಯೇಸುಸ್ವಾಮಿ. ಚರ್ಚಲ್ಲಿ ಪ್ರಸಾದ ಇಡೋ ಬಟ್ಟೆ ತೊಳ್ದಿದ್ ನೀರು ಇದು. ಒಂದ್ ಚೂರು ಅಂಟ್ಕೊಂಡಿದ್ರೆ ಅದ್ರಲ್ಲಿ ಅವ್ರು ಇರ್ತಾರೆ. ಕಣ್ಣಿಗೆ ಕಾಣಲ್ಲ. ಇರ್ಬೋದು ಅಷ್ಟೇ..." ಅಲ್ಲಿಗೆ ನಿಂತಳು. ತನ್ನ ದನಿ ತನಗೇ ಕೇಳಿಸಿತು. "ಇದಾರೆ," ಎಂದಳು.

ಹನುಮಕ್ಕ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು. ಎರಡೂ ಕೈಯಿಂದ ಬಲಮಂಡಿಯನ್ನು ಹಿಡಿದು, ನೋವಿಗೆ ಮುಖ ಕಿವುಚಿ, ಕಾಲನ್ನು ಮಣ್ಣಿನಿಂದ ಎತ್ತಿದಳು. ಆಮೇಲೆ ಎಡಗಾಲು. ಎರಡೂ ಪಾದಗಳನ್ನು ಕುರ್ಚಿಯ ಮೇಲೆ ಮಡಿಸಿಟ್ಟುಕೊಂಡು ಸೀರೆಯಿಂದ ಮುಚ್ಚಿದಳು. ತಲೆಯ ಮೇಲೆ ಸೆರಗು ಎಳೆದುಕೊಂಡಳು.

"ಹಾಕವ್ವ," ಎಂದಳು.

ಆರೋಗ್ಯಮ್ಮ ನಿಂತೇ ಇದ್ದಳು. ತನ್ನ ದೇವರಿಗೆ ಗುರುತಿಲ್ಲದ ಮುದುಕಿಯೊಬ್ಬಳು ಕಾಲು ಮಡಿಸಿದ್ದನ್ನು ನೋಡುತ್ತ ನಿಂತಳು. ಆಮೇಲೆ ಚಪ್ಪಲಿ ಬಿಟ್ಟು, ಮಂಡಿಯೂರಿ, ಕರಿಬೇವಿನ ಬುಡಕ್ಕೆ ಸ್ವಲ್ಪ ಸ್ವಲ್ಪವೇ ನೀರು ಬಿಟ್ಟಳು. ಒಣಗಿದ ಮಣ್ಣು ಸಣ್ಣ ಸದ್ದು ಮಾಡಿ ಕುಡಿಯಿತು. ಹಸಿ ಮಣ್ಣಿನ ವಾಸನೆ ಎದ್ದಿತು. ಬಟ್ಟೆಯ ವಾಸನೆ, ಇದ್ದಿಲ ವಾಸನೆ, ಅವ್ವನ ಸೆರಗಿನ ವಾಸನೆ ಎಲ್ಲವೂ ಅದರೊಳಗಿದ್ದವು. ಕೊನೆಯ ಹನಿ ಬಿದ್ದ ಮೇಲೆ ಅವಳಿಗೆ ಅಳು ಒತ್ತರಿಸಿಕೊಂಡು ಬಂತು. ತಾಯಿ ಸತ್ತಾಗ ಕೂಡ ಹಾಗೆ ಅತ್ತಿರಲಿಲ್ಲ.

"ಎರಡು ವರ್ಷ ಮೋರಿಗೆ ಚೆಲ್ಲಿದೀನಮ್ಮ," ಎಂದಳು ಬಿಕ್ಕುತ್ತ. "ಸ್ವಾಮೀನ ಎರಡು ವರ್ಷ ಬಚ್ಚಲ ಮೋರಿಗೆ ಚೆಲ್ಲಿದೀನಿ. ಗೊತ್ತಿದ್ದೂ ಚೆಲ್ಲಿದೀನಿ."

ಬೇರೆ ಯಾರಾದರೂ ಆಗಿದ್ದರೆ ಹೋಗಲಿ ಬಿಡು ಎನ್ನುತ್ತಿದ್ದರು. ಹನುಮಕ್ಕ ಹೊಲದವಳು, ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎನ್ನುವುದೇ ಅವಳ ಲೆಕ್ಕ.

"ಈ ಕಡೆ ಮೋರಿ ನೀರೆಲ್ಲ ಎಲ್ಲಿಗ್ ಓಯ್ತದೆ ಗೊತ್ತಾ? ವೃಷಭಾವತಿಗೆ. ನಾನು ಮದ್ವೆಯಾಗ್ ಬಂದಾಗ ಅದ್ರಲ್ಲಿ ಮೀನ್ ಕಾಣ್ತಿತ್ತು. ಈಗ ಊರಿನ್ ಹೊಲ್ಸೆಲ್ಲ ಅದ್ರೊಟ್ಟೇಲಿ. ಕೆಂಗೇರಿಗಂಟ ಜನ ಮೂಗ್ ಮುಚ್ಕಂಡೇ ಓಡಾಡ್ತಾರೆ. ಅಲ್ಲಿಗೆ ಯಾವ್ ದೇವ್ರ ಉತ್ಸವಾನೂ ಇಳಿಯಲ್ಲ, ಯಾವ್ ದೇವ್ರೂ ಅತ್ತಾಗ್ ತಿರುಗ್ ನೋಡಲ್ಲ." ಅವಳು ಒದ್ದೆ ಮಣ್ಣನ್ನೇ ನೋಡುತ್ತಿದ್ದಳು. "ನಿಮ್ ದೇವ್ರು ಓಗವ್ನೆ ಅನ್ನು."

ಆರೋಗ್ಯಮ್ಮನ ಬಿಕ್ಕು ನಿಂತಿತು. ಬಟ್ಟೆ ಹಿಂಡುತ್ತಿದ್ದ ಅವ್ವನ ಕೈಗಳು ಕಣ್ಣ ಮುಂದೆ ಬಂದವು. ಪಾತಾಳಕ್ಕೆ ಹೋಗಿದಾರೆ ಕಣೇ. ಅಲ್ಲಿರೋರ್ನ ಕರ್ಕೊಂಡ್ ಬರಕ್ಕೆ. ತಾನು ಒದ್ದೆ ಬಟ್ಟೆಯ ಅಡಿಯಲ್ಲಿ ಮಲಗಿ, ದೇವರು ಎಲ್ಲೂ ಇಲ್ಲವೆಂದುಕೊಂಡ ಆ ಎರಡು ವರ್ಷವೂ ತನ್ನ ಕೈಯಿಂದಲೇ ಅವರು ಕೆಳಗೆ, ಕೆಳಗೆ, ಕತ್ತಲೆಯ ಕೊಳವೆಗಳಲ್ಲಿ ಇಳಿಯುತ್ತಲೇ ಇದ್ದರು. ಅವರು ಅವಳನ್ನು ಬಿಟ್ಟು ಹೋಗಿರಲಿಲ್ಲ. ಅವಳು ಇದ್ದಲ್ಲಿಗೇ ಹೋಗಿದ್ದರು. ಮಾಡಿದ್ದು ತಪ್ಪಲ್ಲವೆಂದು ಅವಳಿಗೆ ಅನ್ನಿಸಲಿಲ್ಲ. ಎಂದೂ ಅನ್ನಿಸದಷ್ಟು ತಪ್ಪೆನ್ನಿಸಿತು. ಆದರೆ ಆ ತಪ್ಪಿನ ತಳದಲ್ಲಿ ಅವಳು ಒಬ್ಬಳೇ ಇರಲಿಲ್ಲ. ಅದು ತಿಳಿದು ಅವಳಿಗೆ ತಡೆಯಲಾರದ ಸಂತೋಷವಾಯಿತು, ನಗುವೂ ಬಂತು, ಮೂಗು ಸೋರುತ್ತಿತ್ತು.

"ಮೊದ್ಲು ನೀರ್ ಕುಡಿ," ಎಂದು ಹನುಮಕ್ಕ ಕುರ್ಚಿಯ ಪಕ್ಕದ ಚೊಂಬಿನಿಂದ ಸ್ಟೀಲಿನ ಲೋಟಕ್ಕೆ ನೀರು ಬಗ್ಗಿಸಿ ಕೊಟ್ಟಳು.

ಇದು ಬರೀ ನೀರು. ಇದಕ್ಕೆ ಯಾವ ಅಡ್ಡಿಯೂ ಇಲ್ಲ. ಹೆಗಲು ಇನ್ನೂ ಉರಿಯುತ್ತಲೇ ಇತ್ತು, ನಡೆದದ್ದಕ್ಕೆ ಇನ್ನಷ್ಟು ಹೆಚ್ಚಾಗಿತ್ತು. ಆರೋಗ್ಯಮ್ಮ ಸೆರಗಿನ ಗಂಟು ಬಿಚ್ಚಿದಳು. ಬೆವರಿಗೆ ಮಾತ್ರೆಯ ಅಂಚು ಕರಗಿ ಬಟ್ಟೆಗೆ ಬಿಳಿ ಹತ್ತಿತ್ತು. ಅದನ್ನು ಒಂದು ಕೈಯಲ್ಲಿ, ಲೋಟವನ್ನು ಇನ್ನೊಂದು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಕೂತಳು. ಬೇಕು ಎನ್ನಿಸಿತು. ಇಲ್ಲವೆಂದರೆ ಸುಳ್ಳಾಗುತ್ತದೆ. ಆಮೇಲೆ ಲೋಟವನ್ನು ಎತ್ತಿ ಗಟಗಟನೆ ಪೂರ್ತಿ ಕುಡಿದಳು, ಬರೀ ನೀರನ್ನು. ಖಾಲಿ ಲೋಟಕ್ಕೆ ಮಾತ್ರೆಯನ್ನೂ ಶೀಟನ್ನೂ ಹಾಕಿ ಹನುಮಕ್ಕನ ಕೈಗೆ ಕೊಟ್ಟಳು.

"ಇದನ್ನ ಕಸದ ಗಾಡಿಗೆ ಹಾಕ್ಬಿಡಿ ಅಮ್ಮ."

"ಏನವ್ವ ಇದು?"

"ನೋವಿನ್ ಮಾತ್ರೆ."

"ಯಾಕೆ, ನೋವಿಲ್ವಾ?"

"ಇದೆ ಅಮ್ಮ. ತುಂಬಾ ಇದೆ."

ಹನುಮಕ್ಕ ಲೋಟವನ್ನೂ ಅವಳ ಮುಖವನ್ನೂ ನೋಡಿ, ಲೋಟವನ್ನು ಮಡಿಲಿಗೆ ಹಾಕಿಕೊಂಡಳು. ಗೇಟಿನವರೆಗೆ ಹೋದವಳನ್ನು ಮತ್ತೆ ಕರೆದಳು. "ವಾರ್ವಾರ ತರ್ತೀಯಾ? ತತ್ತಾ. ಆ ಮೂಲೆ ನಿಮ್ ದೇವ್ರಿಗಿರ್ಲಿ. ನಾನು ಈ ಮೂಲೇಲಿ ಕಾಲ್ ಇಟ್ಕತೀನಿ."

ಮಧ್ಯಾಹ್ನ ಅವಳು ಬಟ್ಟೆಗಳನ್ನು ಸೋಪು ಹಾಕಿ ಒಗೆದು, ನೀಲಿಗೆ ಅದ್ದಿ, ಅರೆಒಣಗಿದಾಗ ಇಸ್ತ್ರಿ ಮಾಡಿದಳು. ಚೌಕದ ಬಟ್ಟೆಯನ್ನು ಉದ್ದಕ್ಕೆ ಮೂರು ಮಡಿಕೆ, ಅಡ್ಡಕ್ಕೆ ಮೂರು ಮಡಿಕೆ ಒಳಮುಖವಾಗಿ ಮಡಿಸಬೇಕು, ಏನಾದರೂ ಉಳಿದಿದ್ದರೆ ಹೊರಗೆ ಬೀಳದ ಹಾಗೆ. ಹೆಗಲು ಪ್ರತಿ ಮಡಿಕೆಗೂ ಕೂಗುತ್ತಿತ್ತು. ನಡುನಡುವೆ ನಿಲ್ಲಿಸಿ, ಡಾಕ್ಟರು ಹೇಳಿಕೊಟ್ಟ ಹಾಗೆ ಕೈ ತಿರುಗಿಸಿ, ಮತ್ತೆ ಪೆಟ್ಟಿಗೆ ಹಿಡಿದಳು. ಆರೋಗ್ಯ ಮಾತೆಯ ಚಿತ್ರ ಎಂದಿನ ಹಾಗೆ ಎದುರಿಗೆ ತೂಗುತ್ತಿತ್ತು, ಅದರ ಹಿಂದೆ ಈಗ ಬರೀ ಹಲಗೆ.

ಐದು ಗಂಟೆಗೆ ಚರ್ಚಿಗೆ ಹೋದಾಗ ಹುಡುಗಿಯರು ಪೀಠಕ್ಕೆ ಸುಗಂಧರಾಜದ ಹೂ ಜೋಡಿಸುತ್ತಿದ್ದರು. ಪ್ರಸಾದದ ಪೆಟ್ಟಿಗೆಯ ಬಾಗಿಲು ಇನ್ನೂ ತೆರೆದೇ ಇತ್ತು. ಫಾದರ್ ಫೌಸ್ತಿನ್ ಮೇಣದಬತ್ತಿಗಳ ಡಬ್ಬ ಹೊತ್ತು ಅವಸರದಲ್ಲಿದ್ದರು. ಗಂಟು ತೆಗೆದುಕೊಂಡು, ಮೇಲಿನ ಬಟ್ಟೆಯ ಅಂಚು ನೋಡಿ ತಲೆಯಾಡಿಸಿ, ಹೋಗುತ್ತ ಹೋಗುತ್ತ ಅಭ್ಯಾಸದಂತೆ ಕೇಳಿದರು.

"ಮೊದಲ ನೀರು ಮಣ್ಣಿಗೆ ಹಾಕಿದ್ರಾ ಅಮ್ಮ?"

"ಇವತ್ತು ಹಾಕ್ದೆ ಫಾದರ್."

ಅವರು ನಾಲ್ಕು ಹೆಜ್ಜೆ ನಡೆದು ನಿಂತರು. ತಿರುಗಿ ನೋಡಿದರು.

"ಪಾಪನಿವೇದನೆ ಮಾಡ್ಬೇಕು ಫಾದರ್," ಎಂದಳು ಆರೋಗ್ಯಮ್ಮ. "ಸ್ವಲ್ಪ ಉದ್ದ ಇದೆ. ಟೈಮ್ ಇದ್ಯಾ?"

ಫಾದರ್ ಮೇಣದಬತ್ತಿಯ ಡಬ್ಬವನ್ನು ನೆಲದ ಮೇಲಿಟ್ಟು, ಪಕ್ಕದ ಬೆಂಚಿನಲ್ಲಿ ಕೂತು, ಪಾಪನಿವೇದನೆ ಕೇಳುವಾಗ ಹಾಕುವ ನೇರಳೆ ಪಟ್ಟಿಯನ್ನು ಜೇಬಿನಿಂದ ತೆಗೆದು ಕೊರಳಿಗೆ ಹಾಕಿಕೊಂಡರು. ಅವಳು ಮಂಡಿಯೂರಿದಳು. ಶಿಲುಬೆಯ ಗುರುತಿಗೆ ಬಲಗೈಯನ್ನು ಹಣೆಗೆ ಎತ್ತಿದಾಗ ಹೆಗಲು ಚುಳ್ಳೆಂದಿತು. ಎದೆಗೆ ಇಳಿಸುವಾಗ ನೋಯಿತು, ಎಡಭುಜಕ್ಕೆ ಒಯ್ಯುವಾಗ ಇನ್ನೂ ನೋಯಿತು. ಎರಡು ವರ್ಷ ಆ ಕೈ ನೊಣ ಓಡಿಸುವ ಹಾಗೆ ಈ ಗುರುತನ್ನು ಮಾಡಿತ್ತು. ಇವತ್ತು ಅವಳು ಅವಸರ ಮಾಡಲಿಲ್ಲ. ನೋಯುವ ಕೈಯನ್ನು ಮೆಲ್ಲಗೆ ಬಲಭುಜದವರೆಗೂ ತಂದು, ಗುರುತನ್ನು ಪೂರ್ತಿ ಮಾಡಿ, ಆಮೇಲೆ ಬಾಯಿ ತೆರೆದಳು.